ಕತ್ತಲ ಕೋಣೆಯ ಚಿಲಕ

೪ ಜನವರಿ ೧೯೩೮, ಮಂಗಳವಾರ

ಇವತ್ತು ಬೆಳಗಿನ ಗಾಡಿಗೆ ನಮ್ಮ ಮನೆಗೆ ಶನಿ ವಕ್ಕರಿಸಿತು. ಹೆಸರು ಸುಹಾಸಿನಿ. ಧಾರವಾಡದ ಮಾಳಮಡ್ಡಿಯವಳಂತೆ, ಕಾಲೇಜು ಓದಿದವಳಂತೆ, ವಾರಕ್ಕೆ ಮೂರು ದಿನ ನಮ್ಮ ಸ್ಟುಡಿಯೋಕ್ಕೆ ಬಂದು ನಮ್ಮ ಮನೆಯವರ ಹತ್ತಿರ ಫೋಟೋ ತೆಗೆಯುವುದನ್ನು ಕಲಿಯುತ್ತಾಳಂತೆ. ಕಾಲಲ್ಲಿ ಬೂಟು, ಕೈಯಲ್ಲಿ ಗಡಿಯಾರ. ಜಡೆ ಮಾತ್ರ ನನ್ನದಕ್ಕಿಂತ ಗಿಡ್ಡ. ಅಷ್ಟಾದರೂ ಅಲ್ಲಾ ನನ್ನ ಕಡೆ ಇದ್ದಾನೆ.

"ಹೆಣ್ಣುಮಗಳು ಈ ಕೆಲಸಾ ಕಲ್ತು ಏನ್ ಮಾಡ್ತಾಳ್ರಿ?" ಅಂತ ಇವರನ್ನು ಕೇಳಿದೆ.

"ಕ್ಯಾಮೆರಾಕ್ಕ ಹೆಣ್ಣು ಗಂಡು ಗೊತ್ತಾಗೂದಿಲ್ಲ ಖಾತೂನ," ಅಂದರು.

ಕ್ಯಾಮೆರಾಕ್ಕೆ ಗೊತ್ತಾಗದಿದ್ದರೆ ಬಿಡಲಿ, ನನಗೆ ಗೊತ್ತಾಗುತ್ತದೆ. ನನ್ನನ್ನು ನಿಕಾ ಮಾಡಿಕೊಂಡು ತಂದು ಎಷ್ಟು ವರ್ಷವಾಯಿತು! ಫೋಟೋ ತೊಳೆಯುವ ಕತ್ತಲ ಕೋಣೆ ಅಡಿಗೆಮನೆಗೆ ಅಂಟಿಕೊಂಡೇ ಇದೆ, ಒಂದು ದಿನ ಒಳಗೆ ಬಾ ಅಂದವರಲ್ಲ. "ಔಷಧ ಹತ್ತಿ ಉಗುರು ಕಪ್ಪಾಗತಾವ, ಆ ಕೈಲೆ ಬಡದ ರೊಟ್ಟಿ ಯಾರು ತಿನ್ನಬೇಕು?" ಅನ್ನುತ್ತಿದ್ದರು. ಇವಳನ್ನು ಮೊದಲ ದಿನವೇ ಒಳಗೆ ಕರೆದುಕೊಂಡು ಹೋದರು. ಅವಳು ರೊಟ್ಟಿ ಬಡಿಯುವುದಿಲ್ಲ ನೋಡಿ, ಅದಕ್ಕೆ.

ನಮ್ಮ ಅಪ್ಪ ಗುಲಾಬಸಾಬ ಮಾಸ್ತರ ಶಿರಗುಪ್ಪಿಯ ಕನ್ನಡ ಸಾಲಿಯಲ್ಲಿ ನನಗೆ ಅಕ್ಷರ ಕಲಿಸಿದವರು. "ಸಿಟ್ಟ ಬಂದಾಗ ಬರಿ ಬೇಟಿ, ಬಾಯಿ ಉಳೀತೈತಿ," ಅನ್ನುತ್ತಿದ್ದರು. ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಕನ್ನಡ ಓದುವವರು ನಾನೊಬ್ಬಳೇ. ಇವರಿಗೆ ಬರುವುದು ಅಂಗಡಿ ಬೋರ್ಡಿನಷ್ಟು, ಅತ್ತೆಗೆ ಅದೂ ಇಲ್ಲ.

೧೩ ಜನವರಿ, ಗುರುವಾರ

ಗುರುವಾರ ಜನಾನಾ ದಿನ. ಅವತ್ತು ಸ್ಟುಡಿಯೋಕ್ಕೆ ಹೆಂಗಸರು ಮಾತ್ರ ಬರುತ್ತಾರೆ. ಇವರು ಮೊದಲು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕರಿಬಟ್ಟೆಯೊಳಗೆ ತಲೆ ಹಾಕಿ, ಅತ್ತೆಯ ಮೂಗಿಗೆ ಕ್ಯಾಮೆರಾ ಹೊಂದಿಸಿ, ಗಾಜಿನ ಪ್ಲೇಟು ತುಂಬಿ ಅಂಗಳಕ್ಕೆ ಹೋಗಿಬಿಡುತ್ತಾರೆ. ಆಮೇಲೆ ಅತ್ತೆ ಎದ್ದು, ಗಿರಾಕಿ ಕೂತು, ಬುರ್ಖಾ ಸರಿಸುತ್ತಾಳೆ. ನಾನು "ಹ್ಞಾಂ, ಅಲುಗಬ್ಯಾಡ್ರಿ" ಅಂದು ರಬ್ಬರಿನ ಗುಂಡು ಅದುಮುತ್ತೇನೆ. ಗಿರಾಕಿ ಅತ್ತೆಯಷ್ಟೇ ಎತ್ತರ ಇದ್ದರೆ ಸರಿ, ಇಲ್ಲದಿದ್ದರೆ ಮುಖ ಮಂಜು ಮಂಜು. ಏನೇ ಇರಲಿ, ಆ ಗುಂಡು ನನ್ನದಾಗಿತ್ತು.

ಇವತ್ತು ಇವರು, "ಸುಹಾಸಿನಿಬಾಯಿ ಫೋಕಸ್ ನೋಡ್ತಾರ, ಅವರ ಒತ್ತಲಿ, ನೀ ಚಾ ಮಾಡು," ಅಂದರು.

ಅವಳು ಕರಿಬಟ್ಟೆಯೊಳಗಿಂದ, "ವೈನಿ, ಒಂದ್ಸಲ ಬಂದು ನೋಡ್ರಿ, ಜನ ಎಲ್ಲಾ ತಲಿಕೆಳಗ ಕಾಣ್ತಾರ!" ಅಂತ ಕೂಗಿದಳು. ವೈನಿಯಂತೆ, ಅತ್ತಿಗೆಯಂತೆ! ಯಾರ ವೈನಿ? ನೋಡಲಿಲ್ಲ. ನೋಡಬೇಕು ಅನ್ನಿಸಿತು, ಆದರೂ ನೋಡಲಿಲ್ಲ. ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟೆ. "ನಾ ಸಕ್ರಿ ಕಮ್ಮೀನ ತಗೋತೀನಿ, ಭಾಳ ಛಲೋ ಆಗೇದ," ಅಂದಳು ಮುಂಡೇದು.

೨೨ ಜನವರಿ, ಶನಿವಾರ

ಇದು ಬರೆಯುವಂಥದ್ದಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಹತ್ತಿ ಪೇಟೆಯಲ್ಲಿ ಬೆಂಕಿ ಬಿತ್ತು. ಊರಲ್ಲಿ ಏನಾದರೂ ಹೊತ್ತಿಕೊಂಡರೆ, ಕುಸಿದರೆ ಇವರಿಗೆ ಹಬ್ಬ. ಮದುವೆ ಫೋಟೋ, ಪೈಲ್ವಾನರ ಫೋಟೋ ತೆಗೆದು ಮನೆ ನಡೆಸುತ್ತಾರೆ, ನಿಜ. ಆದರೆ ಜೀವ ಇರುವುದು ಮುಂಬಯಿ ಪತ್ರಿಕೆಗಳಿಗೆ ಕಳಿಸುವ ಸುದ್ದಿಯ ಫೋಟೋಗಳಲ್ಲಿ. ಹುಡುಗರಾಗಿದ್ದಾಗ ಇವರು ನಾಟಕ ಕಂಪನಿಯಲ್ಲಿ ಪರದೆಗೆ ಬಣ್ಣ ಬಳಿಯುತ್ತಿದ್ದರು, ಊರೂರು ತಿರುಗುವ ಫೋಟೋದವನೊಬ್ಬನ ಪೆಟ್ಟಿಗೆ ಹೊತ್ತು ಹೊತ್ತೇ ಇಷ್ಟು ಕಲಿತದ್ದು. ಫೋಟೋದ ಕೆಳಗೆ ಮಲ್ಲಿಕಸಾಬ, ಹುಬ್ಬಳ್ಳಿ ಅಂತ ಇವರ ಹೆಸರು ಪತ್ರಿಕೆಯಲ್ಲಿ ಬಂದರೆ ಆ ಕಾಗದವನ್ನು ಮಡಿಚದೆ ಇಡುತ್ತಾರೆ. ನಿನ್ನೆ ಬೆಂಕಿಯ ನಾಲ್ಕು ಪ್ಲೇಟು ತೆಗೆದಿದ್ದರು. ಅದರಲ್ಲಿ ಒಂದರ ಹುರುಪಿನಲ್ಲಿ ರಾತ್ರಿ ಊಟವನ್ನೇ ಮರೆತಿದ್ದರು. ಹತ್ತಿ ವ್ಯಾಪಾರಿ ಸಿದ್ದಪ್ಪನವರು ಉರಿಯುವ ಹತ್ತಿ ಅಂಡಿಗೆಗಳ ಮುಂದೆ ರುಮಾಲು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತದ್ದು. "ಇಂಥಾದ್ದು ಜನ್ಮಕ್ಕೊಮ್ಮಿ ಸಿಗತೈತಿ," ಅಂದಿದ್ದರು.

ಇವತ್ತು ಬೆಳಗ್ಗೆ ಅವಳನ್ನು ಕರೆದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಅಡಿಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಒಳಗಿಂದ ಅವಳು ಸಣ್ಣಗೆ ಹಾಡುವುದು ಕೇಳಿಸಿತು. ಕತ್ತಲೆಯಲ್ಲಿ, ನನ್ನ ಗಂಡನ ಪಕ್ಕ ನಿಂತು, ಹಾಡು! ಮೈಯೆಲ್ಲ ಉರಿ ಎದ್ದಿತು. ಈಳಿಗೆ ಬಿಟ್ಟು ಎದ್ದೆ, ಹೋದೆ, ಬಾಗಿಲನ್ನು ದಡಾರನೆ ತೆರೆದೆ.

ಅವಳೊಬ್ಬಳೇ ಇದ್ದಳು.

ಕೆಂಪು ದೀಪದ ಮುಂದೆ ತಟ್ಟೆ ಅಲುಗಾಡಿಸುತ್ತ ಒಬ್ಬಳೇ ನಿಂತಿದ್ದಳು. ನನ್ನ ಬೆನ್ನ ಹಿಂದಿನ ಬಿಸಿಲು ತಟ್ಟೆಯ ಮೇಲೆ ಬಿತ್ತು. ನೋಡನೋಡುತ್ತಲೇ ಗಾಜು ಪೂರ್ತಿ ಕರ್ರಗಾಯಿತು. ಅದು ಸಿದ್ದಪ್ಪನವರ ಪ್ಲೇಟು. ಗಾಜು ಹೊರತೆಗೆಯುವ ಮೊದಲೇ ಇವರು ಅದನ್ನು ಅವಳ ಕೈಗೆ ಒಪ್ಪಿಸಿ, ಯಾರೋ ಗಿರಾಕಿ ಕರೆದರೆಂದು, ನಾನು ನೀರಿಗೆ ಎದ್ದಿದ್ದ ಹೊತ್ತಿನಲ್ಲಿ ಹೊರಗೆ ಹೋಗಿದ್ದರು.

ಇವರು ಓಡಿ ಬಂದು ತಟ್ಟೆ ನೋಡಿ, "ಯಾರ ಬಾಗಲಾ ತಗದವರು?" ಅಂದರು. ನಾನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ನಾನ ಮಾಸ್ತರ. ಒಳಗ ಉಸಿರು ಕಟ್ಟಿಧಂಗ ಆತು," ಅಂದಳು ಅವಳು.

ಇವರು ಅವಳಿಗೆ ಒಂದು ಮಾತೂ ಬೈಯಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತರು. ಇವರು ಅಳುವುದನ್ನು ನಾನು ಇವತ್ತೇ ನೋಡಿದ್ದು.

೨೩ ಜನವರಿ

ನಿನ್ನೆ ಅವಳು ಹೊರಡುವಾಗ ಬಾಗಿಲ ಬಳಿ ತಡೆದು ಕೇಳಿದೆ, "ಸುಳ್ಳ ಯಾಕ ಹೇಳಿದಿರಿ?"

"ನನಗ ಬೈದ್ರ ಏನ್ ಹೋತ್ರಿ ವೈನಿ, ಗಾಡಿ ಹತ್ತಿ ಮನಿಗೆ ಹೋಗ್ತೀನಿ. ನೀವು ಎಲ್ಲಿ ಹೋಗ್ತೀರಿ?"

ರಾತ್ರಿಯಿಡೀ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಉಪಕಾರ ಮಾಡಿದಳಂತೆ! ಅವಳಿಗೆ ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಈಗ ಅವಳ ಕಡೆ ನೋಡುವ ಹಾಗೂ ಇಲ್ಲ, ನೋಡದೆ ಇರುವ ಹಾಗೂ ಇಲ್ಲ.

ಇವತ್ತು ಇವರು ಬಡಿಗನನ್ನು ಕರೆಸಿ ಕತ್ತಲ ಕೋಣೆಗೆ ಒಳಗಡೆಯಿಂದ ಚಿಲಕ ಹಾಕಿಸಿದರು. ಅತ್ತೆ ಅದನ್ನು ಕಂಡಿದ್ದೇ ತಡ, ಎಲೆ ಅಡಿಕೆ ಉಗಿದು ಎದ್ದರು. ನಮ್ಮ ಅತ್ತೆ ಮಾಶಾಬಿ ಎದ್ದರೆ ಓಣಿ ಕೂರುತ್ತದೆ.

"ಗಂಡಸು, ಹರೇದ ಹುಡುಗಿ, ಕತ್ತಲಿ, ಮ್ಯಾಲ ಒಳಗ ಚಿಲಕ? ತೋಬಾ ತೋಬಾ! ಬೆಂಕಿ, ಬೆಣ್ಣಿ ಒಂದ ಕ್ವಾಣ್ಯಾಗ ಇಟ್ಟು ಅಗಳಿ ಹಾಕ್ತಿಯೇನೋ? ಖಾತೂನ ಒಳಗ ಕೂಡಲಿ. ಚಿಲಕದ ಬಾಜೂಕ."

ಇವರು ತಲೆ ತುರಿಸಿಕೊಂಡು ಒಪ್ಪಿದರು. ನನಗೂ ಅದೇ ಬೇಕಿತ್ತು. ಇನ್ನು ಇಬ್ಬರೂ ನನ್ನ ಕಣ್ಣ ಮುಂದೆ.

೮ ಫೆಬ್ರುವರಿ, ಮಂಗಳವಾರ

ಎರಡು ವಾರದಿಂದ ಚಿಲಕದ ಪಕ್ಕ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ. ಇವರು ಅವಳಿಂದ ಒಂದು ಮೊಳ ದೂರವೇ ನಿಲ್ಲುತ್ತಾರೆ. ಆದರೂ ಬಿಡಲಾರೆ.

ಮೊದಲ ತಟ್ಟೆಯಲ್ಲಿ ಔಷಧದ ನೀರು, ಎರಡನೆಯದರಲ್ಲಿ ಸಾದಾ ನೀರು, ಮೂರನೆಯದರಲ್ಲಿ ಚಿತ್ರವನ್ನು ಗಟ್ಟಿ ಮಾಡುವ ಹೈಪೋ. ಬಿಳಿ ಗಾಜಿನ ಮೇಲೆ ಮೊದಲು ಆಕಾಶ ಕಪ್ಪಾಗಿ ಬರುತ್ತದೆ, ಆಮೇಲೆ ಅಂಗಿ, ಆಮೇಲೆ ಮುಖ, ಕಟ್ಟಕಡೆಗೆ ಕಣ್ಣು. ಎಲ್ಲ ಉಲ್ಟಾ. ಬೆಳ್ಳಗಿನವರು ಕರ್ರಗೆ, ಕರಿ ಕೂದಲು ಬೆಳ್ಳಗೆ. ಮೊದಲ ದಿನ ಒಬ್ಬ ಪೈಲ್ವಾನನ ಮೀಸೆ ಬೆಳ್ಳಗೆ ಎದ್ದು ಬಂದಾಗ ನಾನು ಕೂತಲ್ಲೇ ಕಿರುಚಿದ್ದೆ. ಈಗ ಕಿರುಚುವುದಿಲ್ಲ, ಬಗ್ಗಿ ನೋಡುತ್ತೇನೆ.

ಅವಳಿಗೆ ತಾಳ್ಮೆ ಇಲ್ಲ. ಮುಖ ಕಂಡ ಕೂಡಲೇ ಪ್ಲೇಟು ಎತ್ತಿಬಿಡುತ್ತಾಳೆ, ಕಣ್ಣು ಇನ್ನೂ ಬಂದಿರುವುದಿಲ್ಲ. ಇಷ್ಟಾದರೂ ಇವರು "ಶಾಬಾಸ್" ಅನ್ನುತ್ತಾರೆ. ಯಾತಕ್ಕೆ ಶಾಬಾಸ್? ಕುರುಡು ಫೋಟೋಕ್ಕೆ ಶಾಬಾಸ್? ನನ್ನ ರೊಟ್ಟಿಗೆ ಈ ಮನುಷ್ಯ ಒಂದು ದಿನ ಶಾಬಾಸ್ ಅಂದದ್ದಿಲ್ಲ. ರೊಟ್ಟಿಗೆ ಬೇಡ. ಆ ತಟ್ಟೆ ಒಂದು ಸಲ ನನ್ನ ಕೈಗೆ ಕೊಟ್ಟು ನೋಡಲಿ.

೧೭ ಫೆಬ್ರುವರಿ, ಗುರುವಾರ

ಯಾ ಅಲ್ಲಾ, ನಮ್ಮ ಹೆಂಗಸರ ಬುದ್ಧಿಗೆ ಏನು ಹೇಳಲಿ!

ಇವತ್ತು ಜನಾನಾ ದಿನ, ಬಿಬಿಜಾನ ಬಂದಿದ್ದಳು. ಕಟ್ಟಿಗೆ ಅಡ್ಡೆಯವರ ಸೊಸೆ. ಓಣಿಯಲ್ಲಿ ನಡೆದರೆ ಕಾಲಿನ ಬೆರಳೂ ಕಾಣದ ಹಾಗೆ ನಡೆಯುವವಳು. ಇವರು ಅಂಗಳ ದಾಟಿ ಬೀದಿಗೆ ಹೋದರೆಂದು ಎರಡು ಸಲ ಕೇಳಿಕೊಂಡು ಬುರ್ಖಾ ಸರಿಸಿದಳು. ಸುಹಾಸಿನಿ "ಸ್ವಲ್ಪ ನಗ್ರಿ" ಅಂದಳು, ಬಿಬಿಜಾನ ಮರಗಟ್ಟಿ ಕೂತಳು. ಕಡೆಗೆ ನಾನೇ, "ನಿಮ್ಮ ಹುಡುಗ ಮೊನ್ನೆ ಮೌಲ್ವಿ ಸಾಹೇಬರ ಚಪ್ಪಲಿ ಹಾಕ್ಕೊಂಡು ಮಂದ್ಯಾಗ ಅಡ್ಡಾಡಿದನಂತಲ್ಲ," ಅಂದೆ. ತುಟಿ ಅರಳಿತು. "ಈಗ!" ಅಂದೆ, ಸುಹಾಸಿನಿ ಗುಂಡು ಅದುಮಿದಳು.

ಆಮೇಲೆ ಕತ್ತಲ ಕೋಣೆಯಲ್ಲಿ ಇವರು ಆ ಪ್ಲೇಟನ್ನು ಎತ್ತಿ ಕೆಂಪು ದೀಪಕ್ಕೆ ಹಿಡಿದು ನೋಡುತ್ತ ನಿಂತಾಗ ನನ್ನ ತಲೆಗೆ ಬಡಿದಂತಾಯಿತು. ಫೋಟೋ ತೆಗೆಯುವಾಗ ಬೀದಿಗೆ ಅಟ್ಟುತ್ತೇವೆ, ತೊಳೆಯುವಾಗ ಮುಖ ಇವರ ಕೈಯಲ್ಲೇ! ಇಷ್ಟು ವರ್ಷ ಹಳೇ ಹುಬ್ಬಳ್ಳಿಯ ಪರದೆಯೊಳಗಿನ ಅಷ್ಟೂ ಹೆಂಗಸರನ್ನು ಇವರು ಬಿಡುವಾಗಿ ನೋಡಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಮ್ಮದು. ಆ ಹೆಂಗಸರಿಗೂ ಹೊಳೆದಿಲ್ಲ, ಗುಂಡು ಅದುಮುತ್ತಿದ್ದ ನನಗೂ ಹೊಳೆದಿಲ್ಲ.

"ಎಷ್ಟ ನೋಡ್ತೀರಿ ಅಕಿನ್ನ?" ಅಂದೆ.

"ಹುಚ್ಚಿ, ಕರಿ ಮಾರಿ, ಬಿಳಿ ಕೂದಲಾ. ಇದರಾಗ ನೋಡೂದೇನೈತಿ?"

ಎತ್ತಿ ಹೈಪೋಕ್ಕೆ ಹಾಕಲು ಹೊರಟರು. "ತಡೀರಿ, ಎಡಗಣ್ಣ ಇನ್ನೂ ಬಂದಿಲ್ಲ," ಅಂದೆ. ಇವರು ಬಗ್ಗಿ ನೋಡಿದರು, ಮತ್ತೆ ಔಷಧದಲ್ಲಿ ಬಿಟ್ಟರು. ಬಂತು. ಬಿಬಿಜಾನಳ ನಗು ಕಣ್ಣಿನ ಅಂಚಿನವರೆಗೂ ಬಂತು.

"ಛಲೋ ಬಂತು ಸುಹಾಸಿನಿಬಾಯಿ," ಅಂದರು ಇವರು. ಸುಹಾಸಿನಿಬಾಯಿಗೆ! ಅವಳು "ವೈನಿ ಹೇಳಿದ್ದಕ್ಕ ಬಂತ್ರಿ ಮಾಸ್ತರ," ಅಂದಳು. ನನ್ನ ಪಾಲಿನದನ್ನು ಕೊಡುವುದಕ್ಕೂ ಅವಳೇ ಬೇಕೇನು?

೧೨ ಮಾರ್ಚ್, ಶನಿವಾರ

ಅತ್ತೆಯೂ ಅವಳ ಬಲೆಗೆ ಬಿದ್ದರು. ನಾನು ಸೆರಗು ಸರಿ ಮಾಡಿಕೊಳ್ಳಿ ಅಂದರೆ ಸಿಡಿಯುವ ಮುದುಕಿ ಅವಳ ಕ್ಯಾಮೆರಾದ ಮುಂದೆ ಅಡಿಕೆ ಕತ್ತರಿಸುತ್ತ ಗೊಂಬೆಯ ಹಾಗೆ ಕೂತಿದ್ದಾರೆ. ಆ ಫೋಟೋ ಇವತ್ತು ಬೀದಿ ಕಡೆಯ ಗಾಜಿನ ಕಪಾಟಿಗೆ ಏರಿತು. "ಮುದುಕರಿಗೆ ಎಂಥಾ ಪರದೆ," ಅಂತ ಅತ್ತೆಯೇ ಹಾಕಿಸಿದರು. ಹೋಗುವವರು ಬರುವವರು ನಿಂತು ನೋಡುತ್ತಾರೆ. ನಾನೂ ಕಸ ಗುಡಿಸುವ ನೆವದಲ್ಲಿ ಮೂರು ಸಲ ನೋಡಿದೆ.

ಹೇಳಿ ಕೇಳಿ ಕಣ್ಣಿಲ್ಲದ ಫೋಟೋ. ಹುಬ್ಬಿನ ಕೆಳಗೆ ಬರೀ ಗುಂಡಿ. ಕೂರಿಸಿದ ಜಾಗವೂ ತಪ್ಪು, ಕಿಟಕಿಗೆ ಇನ್ನೊಂದು ಮೊಳ ಹತ್ತಿರ ಕೂರಿಸಿದ್ದರೆ ಕೆನ್ನೆಯ ಗೆರೆಗಳು ಎದ್ದು ಬರುತ್ತಿದ್ದವು. ಊಟ ರುಚಿಸಲಿಲ್ಲ.

೨ ಏಪ್ರಿಲ್, ಶನಿವಾರ

ಸಕ್ಕರೆ ಹಂಚಿದೆ! ಸುಹಾಸಿನಿಗೆ ಲಗ್ನ ಗೊತ್ತಾಗಿದೆ. ಹುಡುಗ ಪುಣೆಯವನು. ಇವತ್ತಿನಿಂದ ಅವಳ ಕಲಿಕೆ ಮುಗಿಯಿತು. ಹೋಗುವ ಮೊದಲು ಒಂದು ದಿನ ಬಂದು ಭೇಟಿಯಾಗುತ್ತಾಳಂತೆ, ಅಷ್ಟೇ.

"ಏನವಾ, ಇಷ್ಟ ಖುಷಿ?" ಅಂತ ಅತ್ತೆ ಕೇಳಿದರು.

"ಹೆಣ್ಣುಮಗಳ ಲಗ್ನ ಅಂದ್ರ ಖುಷಿ ಬ್ಯಾಡೇನ್ರಿ ಅತ್ತಿ?" ಅಂದೆ. ಪೀಡೆ ತೊಲಗಿತು. ಇನ್ನು ಕೋಣೆಯಲ್ಲಿ ಇವರು, ನಾನು ಇಬ್ಬರೇ.

೫ ಏಪ್ರಿಲ್, ಮಂಗಳವಾರ

ಬೆಳಗ್ಗೆ ಇವರು ಪ್ಲೇಟು ಹಿಡಿದು ಹೊರಟರು. ನಾನು ಕೈ ಒರೆಸಿಕೊಂಡು ಹಿಂದೆಯೇ ಹೋದೆ.

"ಇನ್ನ ನೀ ಯಾಕ?" ಅಂದರು. "ಅಕಿ ಹೋದಳಲ್ಲ. ಕಾಯೂದೇನೈತಿ? ಹೋಗು, ರೊಟ್ಟಿ ಮಾಡು."

ನನ್ನ ಮುಖದ ಮೇಲೆಯೇ ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿದ್ದ ಸದ್ದು.

೯ ಏಪ್ರಿಲ್

ರೊಟ್ಟಿ. ಬದನೆಕಾಯಿ. ರೊಟ್ಟಿ.

ರೈಲ್ವೆಯವರ ಗುಂಪಿನ ಫೋಟೋ ಒಣಗಲು ಇಟ್ಟಿದ್ದರು. ಹಿಂದಿನ ಸಾಲಿನವರಿಗೆ ಒಬ್ಬರಿಗೂ ಕಣ್ಣು ಸರಿಯಾಗಿ ಬಂದಿಲ್ಲ. ಹೇಳಲಿಲ್ಲ. ನನ್ನನ್ನು ಯಾರು ಕೇಳಿದರು?

ಆ ಸುಹಾಸಿನಿ ಪುಣೆಗೆ ಹೋಗುವುದಕ್ಕೆ ಇದೇ ಹೊತ್ತು ಬೇಕಾಗಿತ್ತೇನು! ಇನ್ನೊಂದು ವರ್ಷ ತಡೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

೧೪ ಏಪ್ರಿಲ್, ಗುರುವಾರ

ಬಿಬಿಜಾನ ಇವತ್ತು ನಾದಿನಿಯನ್ನು ಕರೆದುಕೊಂಡು ಬಂದಿದ್ದಳು. ಗುಂಡು ಮತ್ತೆ ನನ್ನ ಕೈಗೆ ಬಂದಿದೆ. ಆದರೆ ಈಗ ಗುಂಡು ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಅದುಮಿ, ಪ್ಲೇಟು ಮುಚ್ಚಿ, ಸಹಜವಾಗಿ ಕೇಳಿದೆ.

"ಬಿಬಿಜಾನ, ಫೋಟೋ ತೊಳ್ಯಾವ್ರು ಯಾರು, ನಿಮಗ ಗೊತ್ತೈತೇನ್ರಿ?"

"ತೊಳ್ಯೂದು ಅಂದ್ರ? ಆ ಪೆಟಗ್ಯಾಗ ತಾನ ಆಗತೈತಲ್ಲ?"

"ಎಲ್ಲಿ ತಾನ ಆಗತೈತಿ! ನಮ್ಮವರು ತೊಳೀತಾರ. ದೀಪಕ್ಕ ಹಿಡದು, ಕಣ್ಣು, ಮೂಗು, ಬಾಯಿ ಎಲ್ಲಾ ಬಂದೈತೋ ಇಲ್ಲೋ ಅಂತ ಒಂದೊಂದ ನೋಡ್ತಾರ."

ಬಿಬಿಜಾನ ನಾದಿನಿಯನ್ನು ಕುರ್ಚಿಯಿಂದ ಎಬ್ಬಿಸಿ ತಾನೂ ಬುರ್ಖಾ ಎಳೆದುಕೊಂಡಳು, ಕೋಣೆಯಲ್ಲಿ ಗಂಡಸರೇ ಇಲ್ಲದಿದ್ದರೂ. ನಾನು ಬೇರೇನೂ ಹೇಳಲಿಲ್ಲ. ಹೇಳಿದ್ದು ಸುಳ್ಳೂ ಅಲ್ಲ.

ಸಂಜೆಗೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಹೆಂಗಸರೆಲ್ಲ ಅತ್ತೆಯ ಸುತ್ತ. ತಮ್ಮ ಫೋಟೋ ವಾಪಸು ಬೇಕು, ಇನ್ನು ಮೇಲೆ ಗುರುವಾರ ಯಾರೂ ಬರುವುದಿಲ್ಲ ಅಂತ ಗದ್ದಲ. ಇವರು ಬಾಗಿಲ ಹಿಂದೆ ಬೆವರುತ್ತ ನಿಂತಿದ್ದರು. ಎಲ್ಲರೂ ಹೋದ ಮೇಲೆ ಅತ್ತೆ ಒಳಗೆ ಬಂದರು.

"ಏ ಮಲ್ಲಿಕ, ಊರ ಹೆಂಗಸರ ಮಾರಿ ನೋಡಿ ನೋಡಿ ಹೊಟ್ಟಿ ತುಂಬೇತೇನ?"

"ಅವ್ವಾ, ಅದು ಪ್ಲೇಟು! ಉಲ್ಟಾ ಇರತೈತಿ!"

"ಉಲ್ಟಾ ಇರಲಿ, ಸುಲ್ಟಾ ಇರಲಿ, ಮಾರಿ ಮಾರಿನ. ಗುರುವಾರದ್ದು ಖಾತೂನ ತೊಳೀಲಿ. ಇಲ್ಲಾಂದ್ರ ಬೋರ್ಡ ಇಳಸು."

ಇವರು ನನ್ನ ಕಡೆ ತಿರುಗಿ, "ನಿನಗೇನ ಬರತೈತಿ? ಕುಂತ ನೋಡಿದ್ರ ಬಂತೇನ?" ಅಂದರು.

ಔಷಧಕ್ಕೆ ನೀರು ಎಷ್ಟು, ಬೇಸಿಗೆಯಲ್ಲಿ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಯಾಕೆ, ಎಳೆ ಚರ್ಮಕ್ಕೂ ಸುಕ್ಕಿಗೂ ಎಷ್ಟೆಷ್ಟು ಹೊತ್ತು, ಕಣ್ಣು ಬಂದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ರೈಲ್ವೆಯವರ ಹಿಂದಿನ ಸಾಲಿನ ಮಾತನ್ನೂ ಸೇರಿಸಿಯೇ ಹೇಳಿದೆ. ಇವರು ರೈಲ್ವೆಯವರ ಪ್ಲೇಟು ತಂದು ದೀಪಕ್ಕೆ ಹಿಡಿದು ಹಿಂದಿನ ಸಾಲು ನೋಡಿದರು. ಅತ್ತೆ ಅಡಿಕೆ ಅಗಿಯುತ್ತ ನನ್ನನ್ನೇ ನೋಡುತ್ತಿದ್ದರು. ಓಣಿಗೆ ಸುದ್ದಿ ಹೇಗೆ ಮುಟ್ಟಿತು ಅಂತ ಮುದುಕಿ ಒಂದು ಮಾತೂ ಕೇಳಲಿಲ್ಲ.

೨೧ ಏಪ್ರಿಲ್, ಗುರುವಾರ

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಳಂತೆ. ಸುಹಾಸಿನಿ ಬಂದಿದ್ದಳು, ಭೇಟಿಗೆ. ಕೈತುಂಬ ಹಸಿರು ಬಳೆ.

"ವೈನಿ, ಹೋಗೂಕ್ಕಿಂತ ಮೊದಲ ನಂದೊಂದು ಫೋಟೋ ಬೇಕ್ರಿ."

"ಕರೀತೇನಿ ಇರ್ರಿ, ನಮ್ಮವರು ತಗೀತಾರ."

"ಮಾಸ್ತರು ಬ್ಯಾಡ, ನೀವು ತಗೀರಿ," ಅಂದಳು.

ಕಿಟಕಿಗೆ ಹತ್ತಿರ ಕೂರಿಸಿದೆ. ಕರಿಬಟ್ಟೆಯೊಳಗೆ ತಲೆ ಹಾಕಿದೆ. ತಲೆಕೆಳಗಾಗಿ ಕೂತು ನನ್ನನ್ನೇ ನೋಡುತ್ತಿದ್ದಳು. "ಗದ್ದಾ ಸ್ವಲ್ಪ ತಗ್ಗಿಸವಾ, ನಗಬ್ಯಾಡ, ಪುಣಾದಾಗ ನಿನಗ ಇಂಥಾ ಕ್ವಾಣಿ ಸಿಗತೈತೋ ಇಲ್ಲೋ ಅಂತ ವಿಚಾರ ಮಾಡು," ಅಂದೆ. ಅವಳ ಮುಖ ಒಮ್ಮೆಲೇ ಬೇರೆಯಾಯಿತು. ಅದುಮಿದೆ.

ಸಂಜೆ ಅವಳನ್ನು ಟಾಂಗಾ ಹತ್ತಿಸಿ ಬಂದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಸೀರೆ ಬಂತು, ಬಳೆ ಬಂದವು, ಮುಖ ಬಂತು. ಇಲ್ಲಿಗೇ ಎತ್ತಿಬಿಡುತ್ತಿದ್ದಳು ಅವಳಾಗಿದ್ದರೆ. ನಾನು ಎತ್ತಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಖಾತೂನ, ಚಾ ತಂದೇನಿ. ತಗಿ."

"ತಗೀಬ್ಯಾಡ್ರಿ! ಪ್ಲೇಟ ಕೆಡತೈತಿ!"

"ಯಾರದ್ದು? ಹೆಂಗ ಬರಾಕತ್ತೇತಿ? ಒಂಚೂರು ನಾ ನೋಡ್ಲೇನ?"

"ಗುರುವಾರದ್ದು ನಿಮಗಲ್ಲ," ಅಂದೆ.

ಕಣ್ಣು ಬಂತು. ಎರಡೂ. ತೊಳೆದು ಮುಗಿಸಿ ಚಿಲಕ ತೆಗೆದಾಗ ಇವರು ಇನ್ನೂ ಅಲ್ಲಿಯೇ ನಿಂತಿದ್ದರು, ಚಹಾ ಆರಿ ಕೆನೆಗಟ್ಟಿತ್ತು. ಕುಡಿದೆ.

೨೩ ಏಪ್ರಿಲ್, ಶನಿವಾರ

ಇವತ್ತು ಗಾಜಿನ ಕಪಾಟಿನಿಂದ ಅತ್ತೆಯ ಫೋಟೋ ಇಳಿಸಿ ಸುಹಾಸಿನಿಯದನ್ನು ಹಾಕಿದೆ. ಅವಳನ್ನು ಕೇಳಿದ್ದೆ, ಅವರಲ್ಲಿ ಪರದೆಯಿಲ್ಲ, ಅಡ್ಡಿಯಿಲ್ಲ ಅಂದಿದ್ದಳು. ಇವರು ಬೀದಿಯಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಅಕಿನ್ನ ಕಂಡ್ರ ನಿನಗ ಆಗತಿದ್ದಿಲ್ಲ. ದಿನಾ ಬಾಗಲಾ ತಗದ್ರ ಅಕಿ ಮಾರೀನ ನೋಡಬೇಕಲ್ಲ ಇನ್ನ?" ಅಂದರು.

"ನೋಡ್ರಿ. ಕಣ್ಣ ಹೆಂಗ ಬಂದಾವ ನೋಡ್ರಿ," ಅಂದೆ.

ಇವರು ಒಳಗೆ ಹೋದರು. ಮಧ್ಯಾಹ್ನ ಒಬ್ಬ ಗಿರಾಕಿ ಕಪಾಟಿನ ಮುಂದೆ ನಿಂತು, "ಮಲ್ಲಿಕಸಾಬರ, ಏನ ಕೈ ರೀ ನಿಮ್ಮದು!" ಅಂದ. ಒಳಗಿದ್ದ ಇವರು ಕೆಮ್ಮಿದರು, ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹೋಗಿ ನೋಡಿದರೆ ಫೋಟೋದ ಕೆಳಗೆ ಯಾವಾಗಲೋ ಚೀಟಿ ಅಂಟಿಸಿದ್ದಾರೆ: ಮಲ್ಲಿಕಸಾಬ, ಹುಬ್ಬಳ್ಳಿ.

ಮತ್ತೆ ಅದೇ ಉರಿ. ಸುಹಾಸಿನಿ ಹೋದರೂ ಇದು ಯಾಕೆ ಹೋಗಲಿಲ್ಲವೋ ತಿಳಿಯದು. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಉಗುರು ಕಪ್ಪಾಗಿವೆ. ನಾಳೆ ಬೆಳಗ್ಗೆ, ರೊಟ್ಟಿಗಿಂತ ಮೊದಲು, ಬೇರೆ ಹೆಸರಿನ ಚೀಟಿ ಬರೆಯಬೇಕು, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಬೋರ್ಡಿನಷ್ಟು ಇವರಿಗೂ ಓದಲು ಬರುತ್ತದೆ.